ನನ್ನ ಅಕ್ಷರ ಕದ್ದವಳು

"ಬರೀರಿ ಸಾಬ್ರೇ. ಮೂರೇ ಮೂರು ಪದ."

ದಸ್ತಗಿರ್ ಕುಂಚ ಹಿಡಿದು ಹಲಗೆಯ ಮುಂದೆ ನಿಂತೇ ಇದ್ದರು. ಕುಂಚದ ತುದಿಯಿಂದ ಕೆಂಪು ಬಣ್ಣ ಠಾಣೆಯ ಹಿತ್ತಲಿನ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಇನ್ನೊಂದ್ಸಲ ಹೇಳ್ತೀನಿ, ಕೇಳಿ," ಎಂದರು ಸಬ್ ಇನ್‌ಸ್ಪೆಕ್ಟರ್ ಶ್ಯಾಮಲಮ್ಮ. "ನನ್ನ. ಅಕ್ಷರ. ಕದ್ದವಳು."

ಮುದುಕನ ಕೈ ಮೇಲೇಳಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಬಯ್ಯಪ್ಪನ ತಾಳ್ಮೆ ಮುಗಿಯಿತು. "ರಾಯಿ ತಾತಾ, ರಾಯಿ, ಬರಿ! ನಲವತ್ತೈದು ವರ್ಷ ಊರಿನ ಬೋರ್ಡೆಲ್ಲಾ ಬರ್ದೋನಿಗೆ ಮೂರು ಪದ ಭಾರ ಆಯ್ತಾ? ನಮ್ಮ ಮಾವನ ಬೇಕರಿ ಬೋರ್ಡು ನೀನೇ ತಾನೇ ಬರ್ದಿದ್ದು? ಅದ್ರಾಗೆ ಹನ್ನೆರಡು ತಿಂಡಿ ಹೆಸ್ರೈತೆ."

"ಕೈ ನಡುಗ್ತದೆ ಅಮ್ಮಾ," ಎಂದರು ದಸ್ತಗಿರ್. ಹೇಳಿದ್ದು ಬಯ್ಯಪ್ಪನಿಗಲ್ಲ, ಶ್ಯಾಮಲಮ್ಮನಿಗೆ.

ಶ್ಯಾಮಲಮ್ಮ ಆ ಕೈಯನ್ನೇ ನೋಡಿದರು. ಕುಂಚದ ಒಂದು ಕೂದಲೂ ಅಲುಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಶಿಡ್ಲಘಟ್ಟದ ಅಂಚಿನಲ್ಲಿ, ಮುಚ್ಚಿಹೋದ ರೇಷ್ಮೆ ರೀಲಿಂಗ್ ಮನೆಯೊಂದರ ನೀರಿನ ಸಂಪಿನಲ್ಲಿ ನೌರೀನ್ ಎಂಬ ಇಪ್ಪತ್ತೊಂದು ವರ್ಷದ ಹುಡುಗಿಯ ಹೆಣ ತೇಲಿತ್ತು. ಸಂಪಿನ ಮೇಲಿನ ಗೋಡೆಯಲ್ಲಿ, ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ಇದೇ ಮೂರು ಪದ.

ಅಕ್ಷರ ಯಾರದೆಂದು ಹೇಳಲು ತಜ್ಞರು ಬೇಕಿರಲಿಲ್ಲ. ದಪ್ಪ ಹೊಟ್ಟೆ, ಸಣ್ಣ ಬಾಲ, ತಲೆಕಟ್ಟಿನ ತುದಿಯಲ್ಲಿ ಮೀಸೆ ತಿರುವಿದ ಹಾಗೆ ಒಂದು ಸುತ್ತು. ಈ ಊರಿನ ಮಕ್ಕಳು ಶಾಲೆಗಿಂತ ಮುಂಚೆ ಆ ಅಕ್ಷರಗಳಲ್ಲೇ ಬಟ್ಟೆ ಅಂಗಡಿ, ಔಷಧಿ ಅಂಗಡಿ, ಸೈಕಲ್ ಷಾಪು ಓದಿ ಬೆಳೆದಿದ್ದರು. ಚಿಂತಾಮಣಿಯಲ್ಲೂ ಗೌರಿಬಿದನೂರಿನಲ್ಲೂ ಫ್ಲೆಕ್ಸುಗಳ ಹಿಂದೆ ಅವು ಇನ್ನೂ ಉಳಿದಿದ್ದವು.

ಆ ಉಳಿದವನ್ನು ಹುಡುಕಿಕೊಂಡೇ ನೌರೀನ್ ನಾಲ್ಕು ತಿಂಗಳು ತಿರುಗಿದ್ದಳು. ಗೌರಿಬಿದನೂರಿನವಳು. ಅಪ್ಪ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಅವಳು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಮಾಧ್ಯಮ ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಳೆಯ ಬೋರ್ಡುಗಳ ಮೇಲೊಂದು ಸಣ್ಣ ಸಿನಿಮಾ, ಆ ಅಕ್ಷರಗಳಿಂದ ಮಾಡಿದ ಕಂಪ್ಯೂಟರ್ ಫಾಂಟು, ಒಂದಷ್ಟು ಪೋಸ್ಟರು.

ಸಾಯುವ ನಾಲ್ಕು ದಿನ ಮೊದಲು ದಸ್ತಗಿರ್ ಅವಳ ಕೈಯಿಂದ ಡ್ರಾಯಿಂಗ್ ಹಾಳೆ ಕಸಿದುಕೊಂಡು ಬೈದದ್ದನ್ನು ಬೀದಿಗೆ ಬೀದಿಯೇ ನೋಡಿತ್ತು. ಭಾನುವಾರ ಸಂಜೆ ಎಲ್ಲಿದ್ದಿರಿ ಎಂದರೆ, ಮನೆಯಲ್ಲಿ ಒಬ್ಬನೇ ಎನ್ನುತ್ತಿದ್ದರು. ಹೆಂಡತಿ ಅಖ್ತರಿ ಆ ದಿನ ತೊಂಡೇಬಾವಿಯ ತಂಗಿ ಮನೆಯಲ್ಲಿದ್ದುದಾಗಿ ಹೇಳಿಕೆ ಕೊಟ್ಟಿದ್ದಳು.

ಇಂದು ಗುರುವಾರ. ಸಂಜೆ ನಾಲ್ಕಕ್ಕೆ ದಸ್ತಗಿರ್ ಅವರ ಪೊಲೀಸ್ ಕಸ್ಟಡಿ ಮುಗಿಯುತ್ತದೆ. ನಾಲ್ಕಕ್ಕೆ ಕೋರ್ಟು, ಅಲ್ಲಿಂದ ಜೈಲು. ಅರವತ್ತೆಂಟರ ವಯಸ್ಸು, ಟರ್ಪೆಂಟೈನ್ ಆವಿ ಕುಡಿದು ಹಾಳಾದ ಶ್ವಾಸಕೋಶ. ತಪಾಸಣೆಗೆ ಬಂದ ಡಾಕ್ಟರು ಶ್ಯಾಮಲಮ್ಮನನ್ನು ಪಕ್ಕಕ್ಕೆ ಕರೆದು, "ಒಳಗೆ ಹೋದ್ರೆ ಈ ಮನುಷ್ಯ ವಾಪಸ್ ಬರೋದು ಕಷ್ಟ" ಎಂದಿದ್ದರು.

"ನಾಲ್ಕು ಗಂಟೆವರೆಗೂ ಟೈಮ್ ಕೊಡಿ ಸರ್," ಎಂದು ಶ್ಯಾಮಲಮ್ಮ ಸರ್ಕಲ್ ಇನ್‌ಸ್ಪೆಕ್ಟರರನ್ನು ಕೇಳಿಕೊಂಡಿದ್ದರು. ಆ ಹೊತ್ತಿನಲ್ಲಿ ಅರ್ಧ ಈ ಖಾಲಿ ಹಲಗೆಯ ಮುಂದೆ ಕಳೆದುಹೋಗಿತ್ತು.

ಗೇಟಿನ ಕಡೆಯಿಂದ ಊಟದ ಕ್ಯಾರಿಯರ್ ಸದ್ದಾಯಿತು. ಅಖ್ತರಿ ಬಂದಳು. ಹಲಗೆ ನೋಡಿದಳು, ಕುಂಚ ನೋಡಿದಳು, ಗಂಡನ ಮುಖ ನೋಡಿದಳು.

"ಏನು ಬರೀಬೇಕು ಅಂತ ಇವರಿಗೆ ಯಾರು ಹೇಳಿದ್ರು?"

"ನಾನೇ ಬಾಯಲ್ಲಿ ಹೇಳ್ದೆ," ಎಂದರು ಶ್ಯಾಮಲಮ್ಮ.

"ಬಾಯಲ್ಲಿ ಹೇಳಿದ್ರೆ ಹೆಂಗೆ ಬರೀತಾರೆ?"

"ಅಖ್ತರೀ, ಚುಪ್!" ದಸ್ತಗಿರ್ ಆ ದಿನ ಮೊದಲ ಬಾರಿಗೆ ದನಿ ಎತ್ತಿದ್ದರು.

"ಎಷ್ಟು ದಿವ್ಸ ಚುಪ್ ಇರ್ಲಿ? ನಿಮ್ಮನ್ನ ಮಣ್ಣಿಗೆ ಇಡೋ ತನಕಾನಾ?" ಅಖ್ತರಿ ಕ್ಯಾರಿಯರ್ ಕೆಳಗಿಟ್ಟಳು. ಬಯ್ಯಪ್ಪನ ಜೇಬಿನಿಂದ ಪೆನ್ನು ಎಳೆದುಕೊಂಡಳು. ಅವನು ತಡೆಯುವಷ್ಟರಲ್ಲಿ ಅಲ್ಲೇ ಬಿದ್ದಿದ್ದ ಬಿಸ್ಕತ್ ಡಬ್ಬದ ರಟ್ಟೊಂದನ್ನು ಹರಿದು ಮೊಣಕಾಲ ಮೇಲಿಟ್ಟುಕೊಂಡು ಆ ಮೂರು ಪದ ಬರೆಯತೊಡಗಿದ್ದಳು. "ಓದೋಕೆ ಬರಲ್ಲ ಮೇಡಂ ಇವರಿಗೆ. ಕನ್ನಡಾನೂ ಇಲ್ಲ, ಉರ್ದೂನೂ ಇಲ್ಲ. ಸ್ಕೂಲ್ ಮೆಟ್ಲು ಹತ್ತಿಲ್ಲ."

ಬಯ್ಯಪ್ಪ ನಕ್ಕುಬಿಟ್ಟ. "ಏನಮ್ಮಾ, ತಮಾಷೆನಾ? ತಾಲ್ಲೂಕಿನ ಅರ್ಧ ಬೋರ್ಡು—"

"ನಾನು ಏಳನೇ ಕ್ಲಾಸು ಓದಿದೀನಿ, ತೊಂಡೇಬಾವೀಲಿ. ಗಿರಾಕಿ ಹೇಳಿದ್ದನ್ನ ತಲೇಲಿ ಇಟ್ಕೊಂಡು ಮನೆಗೆ ಬರೋರು. ನಾನು ಚೀಟೀಲಿ ಬರ್ಕೊಡೋಳು. ಅದನ್ನ ನೋಡ್ಕೊಂಡು ಬೋರ್ಡಿಗೆ ಏರಿಸೋರು. ಮದ್ವೆ ಆದ ವಾರದಿಂದ ಹಿಂಗೇ."

ದಸ್ತಗಿರ್ ಗೋಡೆಯ ಕಡೆ ತಿರುಗಿ ನಿಂತಿದ್ದರು.

"ನಂಗೆ ಅಕ್ಷರ ಬರ್ತದೆ ಅಮ್ಮಾ," ಎಂದರು ಕೊನೆಗೆ. "ಓದೋಕೆ ಬರಲ್ಲ. ಇವಳ ಕೈ ನೋಡಿ ನೋಡೇ ನನ್ನ ಕೈ ಕೂತಿದ್ದು. ಊರೆಲ್ಲ ನನ್ನ ಮೇಷ್ಟ್ರೇ ಮೇಷ್ಟ್ರೇ ಅಂತಾರೆ. ಹೆಂಗೆ ಹೇಳ್ಲಿ?"

"ಅದಕ್ಕೆ ಜೈಲಿಗೆ ಹೋಗ್ತೀರಾ?" ಎಂದರು ಶ್ಯಾಮಲಮ್ಮ.

"ಜೈಲಲ್ಲಿ ನಗೋರು ಕಮ್ಮಿ."

"ಆ ಹುಡುಗಿ ಹತ್ರ ಜಗಳ ಆಡಿದ್ದು?"

"ಕ್ಯಾಮೆರಾ ಇಟ್ಕೊಂಡು, ತಾತಾ, ನೀವು ಬರ್ದಿದ್ದನ್ನ ನೀವೇ ಓದಿ ಅಂತು. ಹಾಳೆ ಕಸ್ಕೊಂಡೆ. ಏನೇನೋ ಅಂದೆ. ಅವಳಿಗೆ ಗೊತ್ತಾಗೋಯ್ತು. ನನ್ನ ಕಣ್ಣ ಮುಂದೇನೇ ಆ ವಿಡಿಯೋ ಅಳಿಸಿ ಹಾಕಿದ್ಲು. ಯಾರ್ಗೂ ಹೇಳಲ್ಲ ತಾತಾ ಅಂದ್ಲು. ಅಂಥ ಮಗೂನ ನಾನ್ಯಾಕೆ ಅಮ್ಮಾ..."

ಅಖ್ತರಿ ಚೀಟಿಯನ್ನು ಹಲಗೆಯ ಮೂಲೆಗೆ ಸಿಕ್ಕಿಸಿದಳು.

ಆಮೇಲೆ ನಡೆದದ್ದನ್ನು ಶ್ಯಾಮಲಮ್ಮ ಉಸಿರು ಬಿಗಿಹಿಡಿದು ನೋಡಿದರು.

ದಸ್ತಗಿರ್ ದಾರಕ್ಕೆ ಸುಣ್ಣದ ಪುಡಿ ಸವರಿ, ಎಳೆದು ಬಿಟ್ಟು, ಹಲಗೆಯ ಮೇಲೆ ಎರಡು ಗೆರೆ ಮೂಡಿಸಿದರು. ಚೀಟಿಯನ್ನು ಒಮ್ಮೆ ನೋಡಿದರು. ಆಮೇಲೆ ಅಕ್ಷರಗಳ ಹೊಟ್ಟೆಯನ್ನಷ್ಟೇ ಎಡದಿಂದ ಬಲಕ್ಕೆ ಬಿಡಿಸಿಕೊಂಡು ಹೋದರು. ಹಲಗೆಯ ತುಂಬ ತಲೆಯಿಲ್ಲದ ಅಕ್ಷರಗಳು ನಿಂತವು. ಕೊನೆಗೆ ಕುಂಚವನ್ನು ಒಮ್ಮೆ ಅದ್ದಿ, ಮೊದಲಿನಿಂದ ಶುರುಮಾಡಿ, ತಲೆಕಟ್ಟುಗಳನ್ನು ಒಂದೇ ಓಟದಲ್ಲಿ ಹಾಕಿದರು. ಮೊದಲನೆಯದು ರಕ್ತದಷ್ಟು ಗಾಢ. ಕೊನೆಕೊನೆಗೆ ಬಣ್ಣ ತೀರಿ, ಕುಂಚದ ಕೂದಲಿನ ಗೀರುಗಳು ಕಾಣುತ್ತಿದ್ದವು.

"ಮತ್ತೆ ಯಾಕೆ ಅದ್ದಲಿಲ್ಲ?"

"ಅದ್ದಿದ್ರೆ ಸಾಲು ಮುರೀತದೆ. ತಲೆಕಟ್ಟು ಒಂದೇ ಉಸ್ರಲ್ಲಿ ಆಗ್ಬೇಕು. ನಮ್ಮ ಉಸ್ತಾದ್ ಹೊಡ್ದು ಹೊಡ್ದು ಕಲ್ಸಿದ್ದು."

"ಈ ಎರಡು 'ನ' ಬೇರೆ ಬೇರೆ ಥರ ಇದೆಯಲ್ಲ?"

ದಸ್ತಗಿರ್ ಮುಖದಲ್ಲಿ ಕಸುಬಿನವನ ಹೆಮ್ಮೆ ಒಂದು ಕ್ಷಣ ಇಣುಕಿತು. "ಒಂದೇ ಆಕಾರ ಪಕ್ಕಪಕ್ಕ ಬಂದ್ರೆ ಎರಡ್ನೇದನ್ನ ಚೂರು ಸಣ್ಣ ಮಾಡ್ತೀನಿ. ಅವಳಿ ಮಕ್ಳಿಗೂ ಮುಖ ಪೂರಾ ಒಂದೇ ಇರಲ್ಲ."

ಶ್ಯಾಮಲಮ್ಮ ಫೋನು ತೆಗೆದು ಸಂಪಿನ ಮೇಲಿನ ಗೋಡೆಯ ಚಿತ್ರವನ್ನು ಹಿಗ್ಗಿಸಿದರು. ನೂರು ಸಲ ನೋಡಿದ್ದ ಚಿತ್ರ. ಅಕ್ಷರದ ಮುಖ ನೋಡಿದ್ದರೇ ಹೊರತು ಬಣ್ಣ ನೋಡಿರಲಿಲ್ಲ.

ಅಲ್ಲಿ ಪ್ರತಿ ತಲೆಕಟ್ಟೂ ಒಂದೇ ಗಾಢ. ಪ್ರತಿ ಅಕ್ಷರಕ್ಕೂ ಕುಂಚವನ್ನು ಹೊಸದಾಗಿ ಅದ್ದಿದ್ದರು. ಎರಡು 'ನ'ಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆ.

"ಬಯ್ಯಪ್ಪಾ, ಇಲ್ಲಿ ನೋಡು."

ಬಯ್ಯಪ್ಪ ಕಣ್ಣು ಕಿರಿದಾಗಿಸಿದ. "ಅಚ್ಚು ಒತ್ತಿದಂಗೈತೆ ಮೇಡಂ."

"ಕೈಯಲ್ಲಿ ಬರ್ದಿದ್ರೆ ಹಿಂಗೆ ಬರಲ್ಲ. ಇದು ಅವಳು ಮಾಡಿದ ಕಂಪ್ಯೂಟರ್ ಅಕ್ಷರ. ಪ್ರೊಜೆಕ್ಟರಲ್ಲಿ ಗೋಡೆ ಮೇಲೆ ಬಿಟ್ಟು, ಬೆಳಕಿನ ಮೇಲೇ ಬಣ್ಣ ತುಂಬಿದಾರೆ." ಶ್ಯಾಮಲಮ್ಮ ಟೋಪಿ ಎತ್ತಿಕೊಂಡರು. "ಆ ಫಾಂಟು ಯಾರ ಹತ್ರ ಇದೆಯೋ ಅವರನ್ನ ಹುಡುಕಬೇಕು. ಈ ಹಲಗೆ ಜೋಪಾನ. ಒಂದು ಇರುವೆ ಹತ್ತಬಾರದು."

ಒಂದೂಕಾಲಾಗಿತ್ತು. ಅವರ ಹಿಂದೆ ಅಖ್ತರಿ ಕ್ಯಾರಿಯರ್ ಬಿಚ್ಚಿ ಗಂಡನಿಗೆ ಅನ್ನ ಕಲಸಿಕೊಡುತ್ತಿದ್ದಳು.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಗಣೇಶ್ ಪ್ರಸಾದ್ ಪಾಠದಲ್ಲಿದ್ದ. ಅತಿಥಿ ಉಪನ್ಯಾಸಕ, ನೌರೀನಳ ಪ್ರಾಜೆಕ್ಟಿಗೆ ಮಾರ್ಗದರ್ಶಿ. ತರಗತಿ ಮುಗಿಯುವವರೆಗೆ ಶ್ಯಾಮಲಮ್ಮ ಅವನ ಕೋಣೆಯಲ್ಲೇ ಕಾದರು. ಮೇಜಿನ ತುಂಬ ಹಳೆಯ ರೇಡಿಯೋ, ಸೀಮೆಎಣ್ಣೆ ಲಾಂದ್ರ, ತುಕ್ಕು ಹಿಡಿದ ಬಿಸ್ಕತ್ ಡಬ್ಬ. ಗೋಡೆಯ ಮೇಲೆ ಕಾಲೇಜು ಉತ್ಸವದ ದೊಡ್ಡ ಪೋಸ್ಟರು.

ಮೂರಕ್ಕೆ ಅವನು ಒಳಬಂದ. ಮೂವತ್ತೈದರ ಆಸುಪಾಸು, ಚೆನ್ನಾಗಿ ಕತ್ತರಿಸಿದ ಗಡ್ಡ.

"ಇದೆಲ್ಲ ಏನಪ್ಪಾ? ನಮ್ಮನೇಲಿ ಇವನ್ನೆಲ್ಲ ಗುಜರಿಗೆ ಹಾಕಿ ಹತ್ತು ವರ್ಷ ಆಯ್ತು."

"ರೆಟ್ರೋ ಮೇಡಂ. ಈಗ ಇದೇ ಟ್ರೆಂಡು. ಹುಡುಗರು ಹಳೇದಕ್ಕೆ ಮುಗಿಬೀಳ್ತಾರೆ."

"ಪೋಸ್ಟರ್ ಚೆನ್ನಾಗಿದೆ. ನೀವೇ ಮಾಡಿದ್ದಾ?"

"ಅಯ್ಯೋ, ಕಥೆ ಕೇಳ್ಬೇಡಿ. ಮೊದಲು ಬೇರೆಯವರು ಅತಿಥಿ ಇದ್ರು. ನಿನ್ನೆ ಬೆಳಿಗ್ಗೆ ಬರಕ್ಕಾಗಲ್ಲ ಅಂದ್ಬಿಟ್ರು. ದಕ್ಷಿಣಾಮೂರ್ತಿ ಅಂತ, ನಮ್ಮ ಹಳೇ ಪ್ರಿನ್ಸಿಪಾಲ್‌ರನ್ನ ಒಪ್ಪಿಸಿ, ಅವರ ಹೆಸರು ಹಾಕಿ ಮತ್ತೆ ಪ್ರಿಂಟ್ ತೆಗೆಸೋ ಹೊತ್ತಿಗೆ ಸಾಕುಸಾಕಾಯ್ತು."

"ಮಕ್ಕಳಿಗೋಸ್ಕರ ಅಷ್ಟು ಒದ್ದಾಡ್ತೀರಲ್ಲ, ಪಾಪ. ಅಂದಹಾಗೆ, ನೌರೀನ್ ಒಂದು ಫಾಂಟ್ ಮಾಡಿದ್ಲಂತೆ. ನಿಮ್ಮ ಹತ್ರ ಇದೆಯಾ?"

"ಇಲ್ಲ ಮೇಡಂ. ಅವಳ ಲ್ಯಾಪ್‌ಟಾಪಲ್ಲೇ ಇತ್ತು. ಅದಿನ್ನೂ ಸಿಕ್ಕಿಲ್ಲ ಅಂತ ಕೇಳ್ದೆ."

"ನೋಡೇ ಇಲ್ವಾ?"

"ಪೂರ್ತಿ ಆಗಿದ್ದನ್ನ ನೋಡಿಲ್ಲ. ಕೊಡ್ತೀನಿ ಕೊಡ್ತೀನಿ ಅಂತಿದ್ಲು. ಅಷ್ಟರಲ್ಲಿ ಹಿಂಗಾಯ್ತು."

ಶ್ಯಾಮಲಮ್ಮ ಎದ್ದು ಪೋಸ್ಟರಿನ ಬಳಿ ಹೋದರು. ದಕ್ಷಿಣಾಮೂರ್ತಿ ಎಂಬ ಹೆಸರಿನ ಮೇಲೆ ಬೆರಳಾಡಿಸಿದರು. ದಪ್ಪ ಹೊಟ್ಟೆ, ಸಣ್ಣ ಬಾಲ, ತುದಿಯಲ್ಲಿ ಮೀಸೆಯ ಸುತ್ತು.

"ಹುಡುಗಿ ಸತ್ತಿದ್ದು ಭಾನುವಾರ. ಇವರು ಒಪ್ಪಿದ್ದು ನಿನ್ನೆ, ಬುಧವಾರ. ಈ ಹೆಸರನ್ನ ಅವಳ ಅಕ್ಷರದಲ್ಲಿ ಬರ್ದಿದ್ದು ಯಾರು ಮೇಷ್ಟ್ರೇ? ಅವಳ ದೆವ್ವಾನಾ?"

ಗಣೇಶ್ ಪ್ರಸಾದ್ ಹೋಗಿ ಬಾಗಿಲು ಹಾಕಿದ.

"ಬಾಗಿಲು ತೆಗೀರಿ," ಎಂದರು ಶ್ಯಾಮಲಮ್ಮ. "ನಂಗೆ ಸೆಖೆ ಆಗುತ್ತೆ."

ಅವನು ತೆಗೆದ.

"ಮೇಲ್ ಕಳ್ಸಿದ್ಲು ಮೇಡಂ. ಭಾನುವಾರ. ಫಾಂಟ್ ಅದ್ರಲ್ಲಿತ್ತು."

"ನಾಲ್ಕು ದಿನದಿಂದ ಒಂದು ಮಾತು ಹೇಳ್ಲಿಲ್ಲ."

"ಬೆಂಗಳೂರಲ್ಲಿ ಒಂದು ಡಿಸೈನ್ ಸ್ಟುಡಿಯೋದವರು ಹಳೇ ಕನ್ನಡ ಬೋರ್ಡಿನ ಅಕ್ಷರ ಹುಡುಕ್ತಾ ಇದ್ರು. ನನ್ನ ಹೆಸರಲ್ಲಿ ಕಳಿಸ್ದೆ. ಅವಳು ಹೋದ ಮೇಲೆ... ಹೆಂಗೂ ಕೇಳೋರಿಲ್ಲ ಅಂತ..."

"ಹೆಣ ಪೋಸ್ಟ್‌ಮಾರ್ಟಂ ಟೇಬಲ್ ಮೇಲಿದ್ದಾಗ ಕಳಿಸಿದ್ರಾ, ಮಣ್ಣು ಮಾಡಿದ ಮೇಲಾ?"

ಉತ್ತರ ಅವನ ಮುಖದಲ್ಲೇ ಇತ್ತು.

"ಭಾನುವಾರ ಸಂಜೆ ಎಲ್ಲಿದ್ರಿ?"

"ಚಿಂತಾಮಣೀಲಿ, ಅಕ್ಕನ ಮಗಳ ಮದುವೆ ರಿಸೆಪ್ಷನ್. ಐದರಿಂದ ಹತ್ತರವರೆಗೂ ಸ್ಟೇಜ್ ಪಕ್ಕಾನೇ ಇದ್ದೆ. ವಿಡಿಯೋ ಇದೆ, ಇನ್ನೂರು ಜನ ನೋಡಿದಾರೆ. ನಾನು ಕಳ್ಳ ಇರಬಹುದು ಮೇಡಂ. ಕೊಲೆಗಾರ ಅಲ್ಲ."

"ಅದನ್ನ ನಾನು ಹೇಳ್ಬೇಕು. ಪ್ರೊಜೆಕ್ಟರ್?"

"ಡಿಪಾರ್ಟ್‌ಮೆಂಟಿಂದು, ಬ್ಯಾಟರೀಲಿ ಓಡೋ ಚಿಕ್ಕದು. ಶನಿವಾರ ಅವಳೇ ಸಹಿ ಹಾಕಿ ತಗೊಂಡು ಹೋಗಿದ್ಲು. ವಾಪಸ್ ಬಂದಿಲ್ಲ."

ಶ್ಯಾಮಲಮ್ಮನಿಗೆ ಅಲ್ಲಿಗೆ ಅರ್ಧ ತಿಳಿಯಿತು. ಪ್ರೊಜೆಕ್ಟರ್ ಒಯ್ದವಳು ನೌರೀನ್. ಬೆಳಕು ಬಿಟ್ಟವಳೂ ನೌರೀನ್. ಹಾಗಾದರೆ ಗೋಡೆಯ ಮೇಲಿದ್ದುದು ಬೆದರಿಕೆಯಲ್ಲ.

"ಆ ಮೇಲ್ ತೆಗೀರಿ."

ಅವನ ಬೆರಳು ಎರಡು ಸಲ ತಪ್ಪು ಕೀಲಿ ಒತ್ತಿತು. ಮೂರನೇ ಸಲ ಪರದೆ ತೆರೆಯಿತು. ಭಾನುವಾರ, ಸಂಜೆ ಆರು ಹನ್ನೆರಡು. ಪೋಸ್ಟ್‌ಮಾರ್ಟಂ ವರದಿಯ ಪ್ರಕಾರ ಹುಡುಗಿಯ ತಲೆಗೆ ಏಟು ಬಿದ್ದದ್ದು, ಅವಳು ನೀರಿಗೆ ಬಿದ್ದದ್ದು ಏಳರಿಂದ ಎಂಟರ ನಡುವೆ.

'ಸರ್, ಫಾಂಟ್ ಕಳಿಸಿದ್ದೀನಿ, ನೋಡಿ ಹೇಳಿ. ಸಿನಿಮಾದ ಟೈಟಲ್ ಗೋಡೆ ಮೇಲೆ ರೆಡಿ ಆಗ್ತಿದೆ. ಟೈಟಲ್ಲೂ ಬದಲಾಯಿತು, ಹೀರೋನೂ ಬದಲಾಯಿತು! ಕದ್ದವಳು ಅಂದ್ರೆ ನಾನೇ! ಇಷ್ಟು ದಿನ ತಪ್ಪು ಮನುಷ್ಯನ ಹಿಂದೆ ತಿರುಗಿದೆ ಸರ್. ನಾಳೆ ಬಂದು ಪೂರ್ತಿ ಹೇಳ್ತೀನಿ.'

"ಇದಕ್ಕೆ ಏನಂತ ಉತ್ತರ ಬರ್ದ್ರಿ?"

"ಬರೀಲಿಲ್ಲ. ಮದುವೆ ಗದ್ದಲ. ಫಾಂಟ್ ಮಾತ್ರ ಇಳಿಸ್ಕೊಂಡೆ."

"ಕೆಳಗೆ ಫೋಟೋ ಇದೆಯಲ್ಲ, ನೋಡಿದ್ರಾ?"

"ಸೆಲ್ಫಿ ಅಂತ ಬಿಟ್ಟೆ."

"ತೆಗೀರಿ."

ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತುಂಬಿಕೊಂಡಿತು. ಮೊದಲು ರೀಲಿಂಗ್ ಮನೆಯ ಮಸಿ ಹಿಡಿದ ಸೂರು. ಆಮೇಲೆ ಗೋಡೆ. ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿದ ಮೂರು ಪದ. ಅಷ್ಟೂ ಅಕ್ಷರಕ್ಕೆ ಕೆಂಪು ತುಂಬಿತ್ತು. ಕಡೆಯ ಅಕ್ಷರವೊಂದು ಮಾತ್ರ ಇನ್ನೂ ಬರೀ ಬೆಳಕು.

ಕೆಳಗೆ ನೌರೀನ್. ತೋಳು ಚಾಚಿ ಫೋನು ಹಿಡಿದು ನಗುತ್ತಿದ್ದಳು. ಕೆನ್ನೆಗೆ ಬಣ್ಣ ಮೆತ್ತಿತ್ತು. ಇನ್ನು ಒಂದೆರಡು ಗಂಟೆ ಬದುಕಿರುವ ಮುಖ. ಶ್ಯಾಮಲಮ್ಮ ಹುಡುಗಿಯ ಮುಖವನ್ನು ಊದಿಕೊಂಡಿದ್ದಾಗಷ್ಟೇ ನೋಡಿದ್ದರು. ಅವರು ಒಂದು ಕ್ಷಣ ಕಿಟಕಿಯ ಕಡೆ ತಿರುಗಿ ನಿಂತು, ಮತ್ತೆ ತಿರುಗಿದರು.

ಅವಳ ಭುಜದ ಹಿಂದೆ, ಗೋಡೆಗೆ ಒರಗಿಸಿದ ಏಣಿಯ ಎರಡನೇ ಮೆಟ್ಟಿಲ ಮೇಲೆ ಇನ್ನೊಬ್ಬರಿದ್ದರು. ಎಡಗೈಯಲ್ಲಿ ಬಣ್ಣದ ಡಬ್ಬ, ಬಲಗೈಯಲ್ಲಿ ಕುಂಚ. ಯಾರೋ ಕರೆದರೆಂದು ಕ್ಯಾಮೆರಾದ ಕಡೆ ತಿರುಗಿದ ಮುಖ, ನಾಚಿಕೆಯಿಂದ ಅರ್ಧ ನಗು.

ಅಖ್ತರಿ.

"ಯಾರು ಮೇಡಂ ಅದು?" ಎಂದ ಗಣೇಶ್ ಪ್ರಸಾದ್.

ತೊಂಡೇಬಾವಿಯ ತಂಗಿ ಮನೆಯಲ್ಲಿದ್ದೆ ಎಂಬ ಹೇಳಿಕೆಯನ್ನು ಶ್ಯಾಮಲಮ್ಮನೇ ಕೈಯಾರೆ ಬರೆದುಕೊಂಡಿದ್ದರು. ಪಾಪದ ಹೆಂಗಸು ಎಂದು, ಹೌದೋ ಅಲ್ಲವೋ ಎಂದು ಒಂದು ಫೋನು ಮಾಡಿ ಕೇಳಿಸಿರಲಿಲ್ಲ.

ಈ ಚಿತ್ರ ಕೋರ್ಟಿಗೆ ಹೋದರೆ ದಸ್ತಗಿರ್ ಮೇಲಿನ ಆರೋಪದ ಬುಡವೇ ಅಲುಗುತ್ತದೆ. ಹೋಗದಿದ್ದರೆ ಅವರು ಜೈಲಿಗೆ. ಹೋದರೆ, ಅವರ ಜಾಗಕ್ಕೆ ಯಾರು ಬಂದು ನಿಲ್ಲುತ್ತಾರೆಂದು ಆ ಮುದುಕನಿಗೆ ಹೇಳುವವರು ಯಾರು? ಅಥವಾ ಅವರಿಗೆ ಮೊದಲೇ ಗೊತ್ತಿತ್ತೆ? ಮೂರು ದಿನ ಬಾಯಿ ಬಿಡದೆ ಕೂತದ್ದು ನಾಚಿಕೆಗೋ, ಇನ್ಯಾವುದಕ್ಕೋ?

ಫೋನು ಹೊಡೆದುಕೊಂಡಿತು. ಬಯ್ಯಪ್ಪ.

"ಮೇಡಂ, ಮೂರೂವರೆ ಆಯ್ತು. ಜೀಪು ರೆಡಿ ಐತೆ. ಸರ್ಕಲ್ ಸಾಹೇಬ್ರು ನಿಮ್ಮ ಫೋನಿಗೇ ಕಾಯ್ತಾವ್ರೆ. ಏನಾನ ಸಿಕ್ಕಿದ್ರೆ ಈಗ್ಲೇ ಹೇಳ್ಬೇಕಂತೆ, ಕೋರ್ಟಲ್ಲಿ ನಿಂತು ಹೇಳೋಕಾಗಲ್ಲ ಅಂದ್ರು. ಸಿಕ್ತಾ?"

"ಸಿಕ್ತು."

"ತಾತ ಬರ್ದಿಲ್ಲ ಅಂತ ತಾನೇ?"

"ಅವರು ಬರ್ದಿಲ್ಲ."

"ಅಬ್ಬ! ದೇವುಡಾ!" ಬಯ್ಯಪ್ಪ ಫೋನು ಸರಿಸಿ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. "ಮೇಡಂ, ಅಖ್ತರಿ ಬೀ ಇಲ್ಲೇ ಜೀಪಿನ ಕಂಬಿ ಹಿಡ್ಕೊಂಡು ನಿಂತವ್ರೆ. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ ಆಯಮ್ಮ. ನಾನ್ ಹೇಳಿದ್ರೆ ನಂಬಲ್ಲ. ಕೊಡ್ತೀನಿ ತಾಳಿ, ನೀವೇ ಒಂದು ಮಾತು ಹೇಳ್ಬಿಡಿ."

"ಬಯ್ಯಪ್ಪಾ, ಬೇಡ, ಕೊಡ್ಬೇಡ—"

ಫೋನು ಆಗಲೇ ಕೈ ಬದಲಾಗಿತ್ತು. ಆ ಕಡೆ ಉಸಿರು ಕೇಳುತ್ತಿತ್ತು.

"ಮೇಡಂ," ಎಂದಳು ಅಖ್ತರಿ. ಧ್ವನಿ ತಣ್ಣಗಿತ್ತು. "ಗೋಡೆ ಮೇಲೆ ಬರ್ದಿದ್ದು ಯಾರು ಅಂತ ಗೊತ್ತಾಯ್ತಾ?"